ಎರಡು ಕನ್ನಡಿ, ಒಂದು ಡಬ್ಬಿ

ಎರಡು ಕನ್ನಡಿಗಳ ನಡುವೆ ಒಂದು ಪರಮಾಣುವನ್ನು ಕೂಡಿಸಿದರೆ ಬೆಳಕು ಏನು ಮಾಡುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಇದನ್ನು ಯಾರಿಗೆ ಹೇಳಹೋದರೂ ಏನಾದರೊಂದು ಅವಾಂತರ ಆಗಿಯೇ ತೀರುತ್ತದೆ. ಯಲಬುರ್ಗಾದ ಕಾಲೇಜಿನಲ್ಲಿ ಪಾಠ ಮಾಡುತ್ತ, ಬಸ್ಸಿನಲ್ಲಿ ಓದುತ್ತ ಆರು ವರ್ಷ ಕಳೆದೆ. ದಸರೆಯಾದ ಹದಿನೈದು ದಿನಕ್ಕೆ ಮೌಖಿಕ ಪರೀಕ್ಷೆ. ಅವಧಿಯನ್ನು ಎರಡು ಸಲ ವಿಸ್ತರಿಸಿ ಆಗಿತ್ತು. ಈ ಸಲ ತಪ್ಪಿದರೆ ನೋಂದಣಿಯೇ ರದ್ದು. ಈಗ ನಗುತ್ತೇನೆ, ಆಗ ಅನ್ನವೇ ಸೇರುತ್ತಿರಲಿಲ್ಲ.

೧. ಬೆರಳು ಹಚ್ಚಬಾರದು

ಪರೀಕ್ಷೆಯ ದಿನ ತೋರಿಸಲೆಂದು ನನ್ನ ಗೈಡ್ ಎರಡು ಪುಟ್ಟ ಕನ್ನಡಿ ಕೊಟ್ಟಿದ್ದರು. ಮನೆಯ ಕನ್ನಡಿಗೆ ಹೊಳಪಿನ ಲೇಪ ಗಾಜಿನ ಹಿಂದಿರುತ್ತದೆ, ಇವಕ್ಕೆ ಮುಂದೆಯೇ. ಬೆರಳು ತಾಗಿದರೂ ಕೆಡುತ್ತವೆ. ಎದುರುಬದುರು ನಿಲ್ಲಿಸಿ, ಲೇಸರ್ ಬಿಟ್ಟು, ಅಂತರ ಹೊಂದಿಸಲು ನಾಲ್ಕು ದಿನ ಹಿಡಿಯಿತು. ಬೆರಳು ಹಚ್ಚಬೇಡಿ ಎಂದು ನಮ್ಮ ಕಾಲೇಜಿನ ಲ್ಯಾಬಿನ ಅಟೆಂಡರಿಗೆ ಮೂರು ಸಲ ಹೇಳಿದೆ.

ಆಯುಧಪೂಜೆಯ ರಜೆ ಮುಗಿಸಿ ಬಂದು ನೋಡಿದರೆ, ತಕ್ಕಡಿ, ಮೀಟರುಗಳ ಸಾಲಿನಲ್ಲಿ ನನ್ನ ಕನ್ನಡಿಗಳಿಗೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಒರೆಸಿದರೆ ಲೇಪವೂ ಕಿತ್ತುಬಂತು. ಬೆರಳು ಹಚ್ಚಬೇಡಿ ಅಂದಿದ್ದೆನಲ್ಲ ಎಂದು ಅಟೆಂಡರನನ್ನು ಕೇಳಿದೆ. ಆತನಿಗೆ ಭಾಳ ನೋವಾಯಿತು.

"ನೀವು ಹೇಳಿದ್ದು ಮರತಿಲ್ರಿ ಮೇಡಂ. ಒಂದ ಬೆರಳು ಹಚ್ಚಿಲ್ಲ. ಎಲ್ಲಾ ಹೂವಿನ ದಂಟಿಲೇ ಬರದೀನ್ರಿ."

೨. ಸೋರುವ ಕನ್ನಡಿ

ಬೇರೆ ಜೋಡಿ ಇಲ್ಲ ಎಂದು ಗೈಡ್ ಫೋನ್ ಇಟ್ಟರು. ಗಾಬರಿಯಲ್ಲಿ ಬಸ್ ಹತ್ತಿ ಗಂಗಾವತಿಯ ಗಾಜಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾನಿಗೆ ವಿವರಿಸಿದೆ: ಲೇಪ ಮುಂದೆ ಇರಬೇಕು, ಒಳಗೆ ಏನು ನಡೆದಿದೆ ಎಂದು ತಿಳಿಯಲು ಒಂದು ಕನ್ನಡಿಯಿಂದ ಒಂಚೂರು ಬೆಳಕು ಆಚೆ ಬರಬೇಕು. ಆತ ಮೊದಲು ಚಹಾ ತರಿಸಿದ.

"ಮೂವತ್ತು ವರ್ಷ ಆತ್ರಿ ಬಾಯಾರ, ಹಂಗ ಸೋರೋ ಕನ್ನಡಿ ಬಂದ್ರ ವಾಪಸ್ ಕಳಸ್ತೀನಿ. ಸೋರೋದ ಬೇಕಂತ ಬಂದವರು ನೀವೊಬ್ಬರ."

ಹೊರಟಾಗ ಒಂದು ಕೈಗನ್ನಡಿಯನ್ನು ಪುಕ್ಕಟೆ ಕೊಟ್ಟ. ಭಾಳ ಸೊರಗಿದ್ದೀರಿ, ಮೊದಲು ಇದರಾಗ ಮುಖ ನೋಡಿಕೊಳ್ಳಿ ಎಂದ.

೩. ಅಷ್ಟಕ್ಕ ಆರು ವರ್ಷ

ಇನ್ನು ಬಾಯಿಮಾತೇ ಗತಿ. ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಅಭ್ಯಾಸಕ್ಕೆ ಕುಳಿತೆ. ಪರಮಾಣು ಒಂದು ಕಣದಷ್ಟು ಬೆಳಕು ಬಿಡುತ್ತದೆ. ಬಯಲಿನಲ್ಲಾದರೆ ಅದು ಹೋಗಿಯೇ ಹೋಯಿತು. ಒಳ್ಳೆಯ ಕನ್ನಡಿಗಳ ನಡುವೆಯಾದರೆ ತಿರುಗಿ ಬರುತ್ತದೆ, ಪರಮಾಣು ಅದನ್ನೇ ನುಂಗುತ್ತದೆ, ಮತ್ತೆ ಬಿಡುತ್ತದೆ, ಮತ್ತೆ ನುಂಗುತ್ತದೆ. ಅತ್ತೆ ರೊಟ್ಟಿ ಬಡಿಯುತ್ತಲೇ ಕೇಳಿದರು.

ಎದುರುಮನೆಯ ಖಾಲಾ ಖೀರು ಕಳಿಸಿದ ಸ್ಟೀಲ್ ಡಬ್ಬಿ ಕಟ್ಟೆಯ ಮೇಲಿತ್ತು. ಅದನ್ನು ಖಾಲಿ ಮರಳಿಸುವಂತಿಲ್ಲ, ಏನಾದರೂ ತುಂಬಿಯೇ ಕೊಡಬೇಕು. ಖಾಲಾ ಕೂಡ ತುಂಬಿಯೇ ಕಳಿಸುತ್ತಾರೆ. ಒಯ್ದು ತರುವ ಕೆಲಸ ನನ್ನ ಗಂಡನದು.

ಅತ್ತೆ ಡಬ್ಬಿಯ ಕಡೆ ಕೈ ತೋರಿಸಿದರು. "ಅಷ್ಟಕ್ಕ ಆರು ವರ್ಷ ಓದಿದ್ಯಾ? ನನ್ನ ಮದುವ್ಯಾದಾಗಿಂದ ಇದು ಅದನ್ನ ಮಾಡಾಕತ್ತೈತಿ."

೪. ಕೊನೆಯ ಸಾಲು

ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂಡಬಹುದಿತ್ತು. ಕೊನೆಯ ಸಾಲಿನಲ್ಲಿ ಅತ್ತೆ, ಖಾಲಾ, ನನ್ನ ಗಂಡ. ಹೊರಗಿನಿಂದ ಬಂದ ಪರೀಕ್ಷಕರು ತಲೆ ಎತ್ತದೆ ಅರ್ಧ ಗಂಟೆ ಪುಟ ತಿರುವಿದರು. ಆಮೇಲೆ, ಸಮೀಕರಣ ಬದಿಗಿಡಿ, ಕೊನೆಯ ಸಾಲಿನವರಿಗೆ ತಿಳಿಯುವಂತೆ ಹೇಳಿ ಎಂದರು.

ಬಾಯಿ ತೆರೆದರೆ ಬಂದದ್ದೆಲ್ಲ ಮತ್ತೆ ಸಮೀಕರಣವೇ. ಗೈಡ್ ಕನ್ನಡಕ ತೆಗೆದು ಒರೆಸತೊಡಗಿದರು. ಮುಗಿಯಿತು ಎಂದುಕೊಳ್ಳುವಾಗ ಖಾಲಾರ ಮಡಿಲಲ್ಲಿ ಅದೇ ಸ್ಟೀಲ್ ಡಬ್ಬಿ ಕಂಡಿತು. ಪಾಸಾದರೆ ಬಾಯಿ ಸಿಹಿ ಮಾಡಲೆಂದು ತಂದಿದ್ದರು. ಕಣ್ಣು ಮುಚ್ಚಿ ಡಬ್ಬಿಯ ಕಥೆಯನ್ನೇ ಹೇಳಿದೆ: ತುಂಬಿ ಹೋಗುತ್ತದೆ, ತುಂಬಿಯೇ ತಿರುಗಿ ಬರುತ್ತದೆ.

ಪರೀಕ್ಷಕರು ನಗಲಿಲ್ಲ. ಹಾಗಾದರೆ ಇದು ನಿಲ್ಲದೆ ನಡೆಯಬೇಕಲ್ಲ, ನಿಮ್ಮ ಗ್ರಾಫಿನಲ್ಲಿ ಪ್ರತಿ ಸುತ್ತಿಗೂ ಕಡಿಮೆಯಾಗುತ್ತ ಬಂದಿದೆ, ಎಲ್ಲಿ ಸೋರುತ್ತಿದೆ ಎಂದು ಕೇಳಿದರು. ನನ್ನ ಅರ್ಧ ಪ್ರಬಂಧವೇ ಆ ಪ್ರಶ್ನೆಯ ಮೇಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತು ಕೈ ಮುಗಿದರು.

"ಅದನ್ನ ಆಕಿ ಹೆಂಗ ಹೇಳ್ತಾಳ್ರಿ ಸರ, ಮನಿ ಮರ್ಯಾದಿ ವಿಷಯ. ಡಬ್ಬಿ ಒಯ್ಯಾಂವ ನನ್ನ ಮಗ. ದಾರ್ಯಾಗ ತಿಂತಾನ."

ಖಾಲಾ ಅತ್ತೆಯ ಕಡೆ ತಿರುಗಿದರು. ಇಷ್ಟು ವರ್ಷ ಅತ್ತೆಯ ಕೈಯೇ ಬಿಗಿ ಎಂದು ತಿಳಿದಿದ್ದರಂತೆ. ಪರೀಕ್ಷಕರು ಪೆನ್ನು ಕೆಳಗಿಟ್ಟು ನಕ್ಕರು. ನನಗೆ ಅಳು ಬಂತು. ಆಮೇಲೆ ಸರಿಯಾದ ಉತ್ತರವನ್ನೂ ಹೇಳಿದೆ: ಪ್ರತಿ ಸುತ್ತಿಗೂ ಕನ್ನಡಿಯೇ ಒಂಚೂರು ಬೆಳಕನ್ನು ಆಚೆ ಬಿಡುತ್ತದೆ.

ಪದವಿಗೆ ಶಿಫಾರಸಾಯಿತು. ತಿದ್ದುಪಡಿ ಒಂದೇ: ಸೋರಿಕೆಯ ಮೂಲವನ್ನು ಇನ್ನಷ್ಟು ಸ್ಪಷ್ಟವಾಗಿ ಬರೆಯಬೇಕು. ಊರಿಗೆ ಮರಳುವ ಬಸ್ಸಿನಲ್ಲಿ ಡಬ್ಬಿ ನನ್ನ ಗಂಡನ ಕೈಯಲ್ಲಿತ್ತು, ಆಗಲೇ ಅರ್ಧ ಖಾಲಿಯಾಗಿತ್ತು. ಬಾಯಿ ಒರೆಸಿಕೊಂಡು ಮೆಲ್ಲಗೆ ನನ್ನ ಕಡೆ ಬಾಗಿದರು.

"ಏನರ ಬರಿ. ನನ್ನ ಹೆಸರೊಂದು ಹಾಕಬ್ಯಾಡ."