ಸಮುದ್ರದ ಮೇಲೊಂದು ಹೊಸ್ತಿಲು

ಪಡಸಾಲೆಯಲ್ಲಿ ತೂಗುಹಾಕಿದ ಸಮುದ್ರದ ಫೋಟೋವನ್ನು ಡ್ಯಾಮಿನ ನೀರೆಂದು ತಿಳಿದು ಅಜ್ಜಿ ಕುಂಕುಮ ಹಚ್ಚಿಬಿಟ್ಟಳು, ಪಾಪ, ಅರುಳುಮರುಳು. ಇದು ಹೊಸಪೇಟೆಯ ನಮ್ಮ ನೆಂಟರೆಲ್ಲ ನಂಬಿರುವ ಕಥೆ. ಬಂದವರಿಗೆ ಅಮ್ಮ ಚಹಾದ ಜೊತೆ ಇದನ್ನೂ ಕೊಡುತ್ತಾಳೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳಾಗಿ ನಾನು ಈ ಕಥೆಯನ್ನು ಒಪ್ಪುವುದಿಲ್ಲ. ಇದಕ್ಕೆ ವಿರುದ್ಧ ಸಾಕ್ಷಿಯಿದೆ. ದುರದೃಷ್ಟಕ್ಕೆ ಆ ಸಾಕ್ಷಿ ನಾನೇ.

ಫೋಟೋ ತರಿಸಿದವಳೂ ನಾನೇ. ಡ್ರೋನ್ ಹಾರಿಸಿ ನೆತ್ತಿಯ ಮೇಲಿನಿಂದ ತೆಗೆದದ್ದು: ನೀಲಿ ನೀರು, ಬಿಳಿ ನೊರೆಯ ಗೆರೆ, ಮೂಲೆಯಲ್ಲಿಷ್ಟು ಮರಳು. 'ಮನೆಗೆ ನೆಮ್ಮದಿ ತರುವ ಕಲಾಕೃತಿ' ಎಂದು ಮಾರುವವರು ಬರೆದಿದ್ದರು. ಯಾರ ನೆಮ್ಮದಿ ಎಂದು ನಾನು ಕೇಳಲಿಲ್ಲ. ಜೀವಮಾನದಲ್ಲಿ ನಾನು ಪ್ರಶ್ನೆ ಕೇಳದೆ ಬಿಟ್ಟದ್ದು ಅದೊಂದೇ ಸಲ. ದೇವರಿಗೂ ತೀರಿಕೊಂಡ ಹಿರಿಯರಿಗೂ ಕಟ್ಟು ಹಾಕಿ ರೂಢಿಯಾದ ಫ್ರೇಮ್ ಅಂಗಡಿಯವರು ಅದನ್ನು ನಾಲ್ಕು ಕಡೆ ತಿರುಗಿಸಿ, "ಇದರಾಗ ಮ್ಯಾಲ ಯಾವ ಕಡಿರೀ ಮೇಡಂ?" ಎಂದರು. "ಯಾವ ಕಡಿ ಆದ್ರೂ ನಡೀತೈತ್ರಿ, ಅದೇ ಇದರ ವಿಶೇಷ" ಎಂದೆ. ಹೊಳೆಯುತ್ತದೆಂದು ಗಾಜೂ ಬೇಡವೆಂದೆ. ಹಾಗಾಗಿ ಕುಂಕುಮ ನೇರ ಕಾಗದಕ್ಕೇ ಹಿಡಿಯಿತು.

ಅಜ್ಜಿಯ ತವರೂರು ಡ್ಯಾಮಿನ ಹಿನ್ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಸರಿದರೆ ಗುಡಿಯ ಕಂಬ, ಗೋಡೆಗಳ ಬುಡ ಮೇಲೆ ಬರುತ್ತವೆ. ಆಗ ಆ ಊರಿನವರು ಕೆಸರು ತುಳಿದು ಹೋಗಿ, ತಮ್ಮ ತಮ್ಮ ಮನೆಯ ಹೊಸ್ತಿಲಿದ್ದ ಜಾಗ ಹುಡುಕಿ, ಕುಂಕುಮ ಹಚ್ಚಿ ಕಾಯಿ ಒಡೆದು ಬರುತ್ತಾರೆ. ಅಜ್ಜಿಯ ತವರಿನ ಹೊಸ್ತಿಲು ಎಲ್ಲಿದೆಯೆಂದು ಗೊತ್ತಿರುವುದು ಈಗ ಅವಳೊಬ್ಬಳಿಗೇ. ಹೋದ ಬೇಸಿಗೆಯಲ್ಲಿ, "ಒಮ್ಮಿ ಕರಕೊಂಡು ಹೋಗವ್ವಾ, ಭಾಳ ದಿನ ಆತು" ಎಂದಳು. ನಾನು ಮೂರು ಅಂಶ ಮಂಡಿಸಿದೆ: ಅವಳ ಮೊಣಕಾಲು, ಅಲ್ಲಿಯ ಕೆಸರು, ಮತ್ತು ಮನೆಯೇ ಇಲ್ಲದ ಮೇಲೆ ಹೊಸ್ತಿಲೆಲ್ಲಿಯದು? ನಾನು ಗೆದ್ದೆ. ಮಳೆ ಬಂತು, ನೀರು ಏರಿತು.

ಕುಂಕುಮ ಕಂಡ ಶುಕ್ರವಾರ ಬೆಳಿಗ್ಗೆಯೂ ವಾದಕ್ಕೇ ಇಳಿದೆ. "ಅಜ್ಜಿ, ಇದು ಡ್ಯಾಮಲ್ಲ, ಸಮುದ್ರ. ಉಪ್ಪುನೀರು. ಯಾವ್ದೋ ದೇಶದ್ದು."

"ಸಮುದ್ರ ಅಂತ ನನಗ ಗೊತ್ತಿಲ್ಲೇನು? ಡ್ಯಾಮಿನಾಗ ಇಷ್ಟು ನೊರಿ ಎಲ್ಲೈತಿ, ಶಾಣ್ಯಾಕಿ!"

"ಮತ್ಯಾಕ ಹಚ್ಚಿದಿ?"

"ಆ ನೀರಿನ ಕಡಿ ನೀ ಕರಕೊಂಡು ಹೋಗ್ಲಿಲ್ಲ. ಮನಿಗೆ ತಂದದ್ದು ಈ ನೀರು. ಇದಕ್ಕೇ ಹಚ್ಚಿದೆ." ಬೆರಳನ್ನು ಚಿತ್ರದ ಮೇಲೆ ಆಡಿಸಿದಳು. "ಇದು ಗುಡಿ ಕಡಿ ಅನಕೋ. ಇದು ಹೊಳಿ ಕಡಿ. ಇಲ್ಲಿ ನಮ್ಮ ಹೊಸ್ತಿಲು."

ಮೇಲೆ ಯಾವುದು, ಕೆಳಗೆ ಯಾವುದು ಎಂದು ನನಗೇ ತಿಳಿಯದ ಚಿತ್ರದಲ್ಲಿ ಅವಳು ತನ್ನ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದಳು. ನನ್ನಲ್ಲಿ ನಾಲ್ಕನೆಯ ಅಂಶವಿರಲಿಲ್ಲ.

ಅಮ್ಮ ಒದ್ದೆ ಬಟ್ಟೆ ತಂದಳು. ಒರೆಸಲು ನಾನು ಬಿಡಲಿಲ್ಲ. ಬಂದವರೆದುರು ಅಮ್ಮ ಅರುಳುಮರುಳಿನ ಕಥೆ ಹೇಳುವಾಗ ಅಜ್ಜಿ ಒಮ್ಮೆಯೂ ತಿದ್ದುವುದಿಲ್ಲ. ನಿಜ ಹೇಳಿದರೆ ನನ್ನ ಹೆಸರು ಬರುತ್ತದಲ್ಲ. ವಾದವನ್ನೇ ಕಲಿತ ನಾನೂ ಅಲ್ಲಿ ಕೂತು ಚಹಾ ಕುಡಿಯುತ್ತೇನೆ.

ನಿನ್ನೆ ಅವಳು ಫೋಟೋ ನೋಡುತ್ತ ಕುಳಿತಿದ್ದಾಗ ಪಕ್ಕದಲ್ಲಿ ಕೂತೆ. ಮೊದಲ ಸಲ, ಗೆಲ್ಲುವ ಉದ್ದೇಶವಿಲ್ಲದೆ ಕೇಳಿದೆ: "ಅಜ್ಜಿ, ನೀರು ಇಳೀಲಿ, ನಾನೇ ಎತ್ತಿಕೊಂಡು ಹೋಗ್ತೀನಿ. ಬ್ಯಾಸಿಗಿ ತನಕ ಇರ್ತೀಯಲ್ಲ?"