ಹೈಕೋರ್ಟಿಗೆ ಹೋದ ಮಡಂತ್ಯಾರಿನ ತಕ್ಕಡಿ

ಬಂಟ್ವಾಳದಲ್ಲಿ ಕರಿಕೋಟು ಹಾಕಿ ಇಷ್ಟು ವರ್ಷವಾಯಿತು, ನಾನು ಎಣಿಸಿದ ಉತ್ತರ ಯಾರ ಬಾಯಿಂದಲೂ ಬಂದದ್ದಿಲ್ಲ. ಒಂದು ಗಾಂಜಾ ಕೇಸಿನಲ್ಲಂತೂ ಮೂರು ಸಲ ಹೀಗಾಯಿತು.

೧. ತಕ್ಕಡಿಯ ಮರ್ಯಾದೆ

ನನ್ನ ಕಕ್ಷಿದಾರ ಶಿರ್ತಾಡಿಯ ರಿಕ್ಷಾ ಡ್ರೈವರ್. ಪ್ರಯಾಣಿಕನೊಬ್ಬ ಬಿಟ್ಟು ಓಡಿದ ಚೀಲದಲ್ಲಿ ಗಾಂಜಾ ಇತ್ತು, ಸಿಕ್ಕಿಬಿದ್ದವನು ಇವನು. ಮಾಲನ್ನು ಮಡಂತ್ಯಾರಿನ ಕೋಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವೆಂದು ಪೊಲೀಸರು ಮಹಜರು ಬರೆದು, ಅಂಗಡಿಯವರ ಸಹಿಯನ್ನೂ ಹಾಕಿಸಿದ್ದರು.

ಕೋರ್ಟಿನಲ್ಲಿ ಅಂಗಡಿಯವರನ್ನು ಸುಮ್ಮನೆ ಕೆಣಕಿದೆ. "ನಿಮ್ಮ ತಕ್ಕಡಿ ಸ್ವಲ್ಪ ಜಾಸ್ತಿ ತೋರಿಸ್ತದಂತೆ?"

ಅವರಿಗೆ ಪಿತ್ತ ನೆತ್ತಿಗೇರಿತು. "ಯಾರು ಹೇಳಿದ್ದು? ವರ್ಷ ವರ್ಷ ಸರ್ಕಾರಿ ಮುದ್ರೆ ಹಾಕಿಸ್ತೇನೆ! ಪೊಲೀಸರು ಸಹಿ ಹಾಕಿಸಿದ ಆ ವಾರವೂ ತಕ್ಕಡಿಯನ್ನು ಮುದ್ರೆಗೆ ಮಂಗಳೂರಿಗೆ ಕಳಿಸಿದ್ದೆ. ಚೀಟಿ ಉಂಟು, ನೋಡಿ!"

ಸರ್ಕಾರಿ ವಕೀಲರು ದಡಬಡಿಸಿ ಎದ್ದರು. "ಹಾಗಾದ್ರೆ ಗಾಂಜಾ ತೂಗಿದ್ದು ಎಲ್ಲಿ?"

"ಅದು ನಂಗೆ ಗೊತ್ತಿಲ್ಲ. ಸಹಿ ಹಾಕಿ ಅಂದ್ರು, ಹಾಕಿದೆ. ನನ್ನ ತಕ್ಕಡಿಗೆ ಮಾತ್ರ ಹೆಸರಿಡ್ಬೇಡಿ."

ಡ್ರೈವರ್ ಖುಲಾಸೆಯಾದ.

೨. ಮುನ್ನೂರು ಹೋಳಿಗೆ

ಅವನ ತಾಯಿ ಊರಿಗೆಲ್ಲ ಹೋಳಿಗೆ ಹಂಚಿದರು. ಅದರ ಬೆನ್ನಿಗೇ ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಹಾಕಿತು. ಆ ತಾಯಿ ನೋಟಿಸು ಹಿಡಿದು ನನ್ನಲ್ಲಿಗೆ ಓಡಿ ಬಂದರು. ತೀರ್ಪು ಮಗುಚಿದರೆ ಮಗ ಜೈಲಿಗೆ. ನನಗೂ ಒಳಗೊಳಗೇ ಹೆದರಿಕೆ.

"ಅಮ್ಮಾ, ಇನ್ನೊಮ್ಮೆ ಗೆಲ್ಲುವ" ಎಂದೆ.

ಅವರು ಕಣ್ಣೊರೆಸಿಕೊಂಡರು. "ಗೆಲ್ಲುವ ವಕೀಲರೇ. ಆದ್ರೆ ಈ ಸಲ ಹೋಳಿಗೆ ನೀವೇ ತಟ್ಟಿ. ಮುನ್ನೂರು ತಟ್ಟಿ ನನ್ನ ಭುಜ ಇನ್ನೂ ಸರಿಯಾಗ್ಲಿಲ್ಲ."

೩. ಗೋಡೆಯ ಮೇಲಿನ ತೀರ್ಪು

ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳು ಕೇಳಿದ್ದು ಒಂದೇ ಪ್ರಶ್ನೆ. ಅಂಗಡಿಯಲ್ಲೇ ಇಲ್ಲದ ತಕ್ಕಡಿಯಲ್ಲಿ ತೂಗಿದ್ದು ಹೇಗೆ? ಸರ್ಕಾರಿ ವಕೀಲರು ಕಡತ ತಿರುವುತ್ತಲೇ ಇದ್ದರು. ಮೇಲ್ಮನವಿ ವಜಾ! ಕೋರ್ಟಿನ ಮೆಟ್ಟಿಲಲ್ಲೇ ಕುಣಿಯುವಷ್ಟು ಖುಷಿಯಾಯಿತು ನನಗೆ.

ಅಂಗಡಿಯವರು ತೀರ್ಪಿನ ಪ್ರತಿ ಬೇಕೆಂದು ಹಟ ಹಿಡಿದರು. ಕೊಟ್ಟೆ.

ಮುಂದಿನ ಭಾನುವಾರ ಡ್ರೈವರ್ ನನ್ನನ್ನೂ ತಾಯಿಯನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಮಡಂತ್ಯಾರಿಗೆ ಹೊರಟ. ಹೋಳಿಗೆಗೆ ಭುಜ ಒಪ್ಪದ ಕಾರಣ ಈ ಸಲ ಕೋಳಿ ಊಟ. ಅಂಗಡಿಯವರು ಕೋಳಿಯನ್ನು ತಕ್ಕಡಿಗಿಟ್ಟರು. ತಾಯಿ ಬಗ್ಗಿ ನೋಡಿ, "ತೂಕ ಸರಿ ಉಂಟಾ?" ಎಂದು ಕೇಳಿಯೇಬಿಟ್ಟರು.

ಅಂಗಡಿಯವರು ಕತ್ತಿಯನ್ನೆತ್ತಿ ಗೋಡೆ ತೋರಿಸಿದರು. ಅಲ್ಲಿ ಹೂವಿನ ಹಾರ ಹಾಕಿಸಿಕೊಂಡು, ಫ್ರೇಮಿನೊಳಗೆ ಹೈಕೋರ್ಟಿನ ತೀರ್ಪು!

"ಈ ತಕ್ಕಡಿಯೆದುರು ಸರ್ಕಾರವೇ ಬೆಂಗಳೂರಿನವರೆಗೆ ಹೋಗಿ ಸೋತಿದೆ. ಇನ್ನು ನಿಮ್ಮದೆಂತ ಅಮ್ಮಾ, ಸುಪ್ರೀಂ ಕೋರ್ಟಾ?"