ಕುರಿಮರಿ ಭಾಗ ಎರಡು: ಹತ್ತಕ್ಕೆ ಒಂಬತ್ತು

ಸಿನಿಮಾಕ್ಕೆ ಮಾರ್ಕ್ಸ್ ಹಾಕುವವನ ಹಣೆಬರಹ ಇಷ್ಟೇ. ಅವನು ಹಾಕಿದ ಮಾರ್ಕ್ಸಿಗೆ ಊರೆಲ್ಲ ಕೂತು ಮಾರ್ಕ್ಸ್ ಹಾಕುತ್ತದೆ. ನಾನು ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಗೋಕಾಕಿನಿಂದ ಬರುವ ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ, ಅಂಗೈ ಅಗಲದ ಜಾಗದಲ್ಲಿ, ಸಿನಿಮಾ ವಿಮರ್ಶೆ ಬರೆಯುತ್ತೇನೆ. ಅದರಲ್ಲೂ ಕಾರ್ಟೂನ್ ಸಿನಿಮಾ ಬಂದರೆ ನನ್ನ ಮುಂದೆ ಬೇರೆಯವರು ಬಾಯಿ ತೆಗೆಯಬಾರದು. ಗೆರೆ ಎಳೆದೇ ಹೊಟ್ಟೆ ಹೊರೆದವನು ನಾನು.

ಹಿಂಡು ತಪ್ಪಿದ ಕುರಿಮರಿಯೊಂದು ಮರಳಿ ಮನೆ ಸೇರುವ ಕಾರ್ಟೂನ್ ಸಿನಿಮಾ ಕೆಲವು ವರ್ಷದ ಹಿಂದೆ ಬಂದಿತ್ತು. ಹತ್ತಕ್ಕೆ ಏಳು ಕೊಟ್ಟಿದ್ದೆ. ಈಚೆಗೆ ಅದರ ಎರಡನೇ ಭಾಗ ಬಂತು. ಅದೇ ಮರಿ ಟಗರಾಗಿ, ಪಟ್ಟಣದಲ್ಲಿ ಕಳೆದುಹೋಗಿ, ಮತ್ತೆ ಹಿಂಡು ಸೇರುವ ಕಥೆ. ನಾನು ಪೆನ್ನು ಹಿಡಿಯುವ ಮೊದಲೇ ಸಂಪಾದಕರ ಫೋನು. ಹಿಂದಿನ ಎರಡು ವಿಮರ್ಶೆಗೆ ಓದುಗರು ಬೈದು ಪತ್ರ ಬರೆದಿದ್ದರಂತೆ. "ಈ ಸಲಾನೂ ಬೈಸಿಕೊಂಡ್ರ ಆ ಜಾಗಾ ರಾಶಿಭವಿಷ್ಯಕ್ಕ ಕೊಡ್ತೇನಿ ನೋಡ್ರಿ ಮಾಸ್ತರ್ರ," ಅಂದರು. ಆ ಅಂಗೈ ಅಗಲದ ಜಾಗದ ಮೇಲೆ ನನಗೆ ಎಷ್ಟು ಜೀವವೆಂದರೆ, ಆವತ್ತು ಊಟ ಸೇರಲಿಲ್ಲ. ಆದರೂ ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿತ್ತು.

ಗೋಕಾಕ: ಕರದಂಟಿನ ಪೊಟ್ಟಣ

ಹೆಂಡತಿಯನ್ನೂ ಮಾವನವರನ್ನೂ ಕರೆದುಕೊಂಡು ಗೋಕಾಕಿನ ಟಾಕೀಜಿಗೆ ಹೋದೆ. ಚಿತ್ರ ನೋಡುತ್ತ ನೋಡುತ್ತ ನಾನು ಕರಗಿಹೋದೆ. ಒಂದೊಂದು ಉಣ್ಣೆಯ ಎಳೆಯೂ ಬೇರೆ ಬೇರೆ ಕಾಣುತ್ತಿತ್ತು. ಎರಡನೇ ಭಾಗ ಯಾವತ್ತೂ ಮೊದಲಿನದಕ್ಕೆ ಸಮವಲ್ಲ ಎನ್ನುವವರ ಬಾಯಿಗೆ ಬೀಗ ಹಾಕುವ ಹಾಗಿತ್ತು. ಹೊರಗೆ ಬಂದವನೇ ಹತ್ತಕ್ಕೆ ಒಂಬತ್ತು ಎಂದು ಘೋಷಿಸಿದೆ.

ಹೆಂಡತಿ ಒಪ್ಪಲಿಲ್ಲ. ಮೊದಲನೆಯದೇ ಚಲೋ ಇತ್ತು ಅಂದಳು. ನಾನು ನೆರಳು ಬೆಳಕು, ಬಣ್ಣದ ಹದ ಎಲ್ಲ ಬಿಡಿಸಿ ಹೇಳಿದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡು, ಚೀಲದಿಂದ ಕರದಂಟಿನ ಖಾಲಿ ಪೊಟ್ಟಣ ತೆಗೆದು ತೋರಿಸಿದಳು.

"ಮೊದಲನೇದ ನೋಡುವಾಗ ಇಂಥಾ ಪೊಟ್ಟಣಾ ಬಿಚ್ಚಾಕ ನೆನಪಾಗಿರಲಿಲ್ಲ, ಹಂಗs ಮನಿಗಿ ಬಂದಿತ್ತು. ಇವತ್ತ ಇಂಟರ್ವಲ್‌ಕಿಂತ ಮೊದಲs ಖಾಲಿ ಆತು. ನೀವು ಸುಳ್ಳ ಬರೀಬಹುದು, ಪೊಟ್ಟಣ ಸುಳ್ಳ ಹೇಳಂಗಿಲ್ಲರಿ."

ಅದರಲ್ಲಿ ಅರ್ಧ ತಿಂದವನು ನಾನೇ ಆದ್ದರಿಂದ ವಾದ ಬೆಳೆಸಲಿಲ್ಲ.

ಮೂಡಲಗಿ: ಮಾವನವರ ಓಟು

ಒಂಬತ್ತು ಮಾರ್ಕ್ಸಿನ ವಿಮರ್ಶೆ ಅಚ್ಚಾಯಿತು. ಮುಂದಿನ ವಾರ ಮೂಡಲಗಿಗೆ ಹೋದಾಗ ಮಾವನವರು ಬಾಗಿಲಲ್ಲೇ ಬೆನ್ನು ತಟ್ಟಿ, ನಿಮ್ಮ ಲೆಕ್ಕ ಬರೋಬ್ಬರಿ ಐತಿ ಅಂದರು. ಅವರು ಮೊದಲ ಭಾಗ ನೋಡಿರಲಿಲ್ಲ. ಗೋಕಾಕಿನಿಂದ ಬಂದ ಮೇಲೆ ಅದನ್ನು ಟಿವಿಯಲ್ಲಿ ಹಾಕಿಸಿಕೊಂಡು ನೋಡಿದ್ದರಂತೆ. ಮಾವನ ಮನೆಯಲ್ಲಿ ಅಳಿಯನ ಮಾತಿಗೆ ಬೆಲೆ ಬರುವುದು ಅಪರೂಪ, ನಾನು ಉಬ್ಬಿಹೋದೆ. ಕಾರಣ ಕೇಳಿದೆ.

"ಅದರಾಗ ಏನೈತ್ರಿ? ಗೋಕಾಕದಾಗ ಅಷ್ಟ ದೊಡ್ಡ ಟಗರಿತ್ತು. ಟಿವಿಯಾಗ ನೋಡಿದ್ರ ಸೊರಗಿ ಮರಿ ಆಗಿ ಕುಂತೈತಿ. ತಿಂದ ಮೇವೆಲ್ಲಾ ಎಲ್ಲಿ ಹೋತು?"

ಟಿವಿಯಲ್ಲಿ ಬಂದದ್ದೇ ಮೊದಲನೆಯದು, ನೀವು ಹಿಂದುಮುಂದಾಗಿ ನೋಡಿದ್ದೀರಿ ಎಂದು ತಿಳಿಸಿದೆ. ಮಾವನವರು ಸ್ವಲ್ಪ ಯೋಚಿಸಿ, "ಹಂಗಾರ ಅದನ್ನ ಮೊದಲ ತಗದವರದು ತಪ್ಪು," ಅಂದರು. ನನಗೆ ಬಿದ್ದ ಒಂದೇ ಒಂದು ಓಟು ಇದು. ಕುಲಗೆಟ್ಟ ಓಟೆಂದು ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹುಕ್ಕೇರಿ: ಅಜ್ಜನ ಆಕ್ಷೇಪ

ಎರಡೂ ಭಾಗ ಮನೆಯಲ್ಲೇ ನೋಡಲು ಸಿಗುವಂತಾದಾಗ ನಮ್ಮ ಹೆಡ್ ಮಾಸ್ತರರು ಒಂದು ಶನಿವಾರ ಪ್ರಾರ್ಥನಾ ಹಾಲಿನ ಗೋಡೆಯ ಮೇಲೆ ಎರಡನ್ನೂ ಒಂದರ ಹಿಂದೊಂದು ತೋರಿಸಿದರು. ಮಕ್ಕಳ ಜೊತೆ ಮನೆಯವರೂ ಬರಬಹುದಿತ್ತು. ಕೊನೆಗೆ ಯಾವುದು ಮೇಲು ಎಂದು ನಾನು ಮಾತಾಡಬೇಕು. ಮುಂದಿನ ಸಾಲಿನಲ್ಲಿ ನೋಡಿದರೆ ಸಂಪಾದಕರು ಕೂತಿದ್ದಾರೆ. ಒಂಬತ್ತು ಮಾರ್ಕ್ಸಿನ ವಿಮರ್ಶೆಗೆ ಬೈಗುಳವೂ ಬಂದಿರಲಿಲ್ಲ, ಹೊಗಳಿಕೆಯೂ ಬಂದಿರಲಿಲ್ಲ; ರಾಶಿಭವಿಷ್ಯ ಕಣ್ಣ ಮುಂದೆ ಬಂತು.

ಟಗರು ಹಿಂಡು ಸೇರಿದಾಗ ಹಾಲೆಲ್ಲ ಚಪ್ಪಾಳೆ. ಆ ಧೈರ್ಯದ ಮೇಲೆ ನಾನು ಭಾಷಣ ಬಿಗಿದೆ. ಚಿತ್ರಕಾರನ ಕಣ್ಣಿಗೆ ಒಂದು ಗೆರೆಯೂ ತಪ್ಪುವುದಿಲ್ಲ, ಎರಡನೇ ಭಾಗದಲ್ಲಿ ಹುಡುಕಿದರೂ ದೋಷವಿಲ್ಲ ಎಂದೆ. ಯಾರಿಗಾದರೂ ಬೇರೆ ಅಭಿಪ್ರಾಯವಿದೆಯೇ ಎಂದೂ ಕೇಳಿದೆ. ಅದೊಂದನ್ನು ಕೇಳಬಾರದಿತ್ತು.

ಹಿಂದಿನಿಂದ ಹೆಗಲ ಮೇಲೆ ಕಂಬಳಿ ಹೊದ್ದ ಅಜ್ಜನೊಬ್ಬ ಎದ್ದು ನಿಂತ. ಎಂಟನೇ ತರಗತಿಯ ಹುಡುಗಿಯೊಬ್ಬಳ ಅಜ್ಜ, ಜೀವಮಾನವೆಲ್ಲ ಕುರಿ ಕಾಯ್ದವನು.

"ಮಾಸ್ತರ್ರ, ಚಿತ್ರ ಭಾಳ ಚಲೋ ಅದಾವ. ಆದ್ರ ಇದು ಆ ಮರಿ ಅಲ್ಲರಿ."

ಬೆಳೆದ ಮೇಲೆ ಮುಖ ಬದಲಾಗುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಅಜ್ಜ ಅಡ್ಡಡ್ಡ ತಲೆಯಾಡಿಸಿದ.

"ಮುಖ ಬಿಡ್ರಿ, ಕಿವಿ ನೋಡ್ರಿ. ಮರಿಗಿ ಎಡಗಿವಿ ಕೊಯ್ದಿತ್ತು. ಈ ಟಗರಿಗಿ ಬಲಗಿವಿ. ಬ್ಯಾರೆ ಮಂದಿ ಹಿಂಡಿನ ಟಗರು ತಂದು ಮನಿಗಿ ಕಟ್ಟಿ ಚಪ್ಪಾಳಿ ಹೊಡ್ಯಾಕತ್ತೀರಿ."

ನಮ್ಮ ಕಡೆ ಕುರುಬರು ತಮ್ಮ ಕುರಿಯ ಗುರುತಿಗೆ ಕಿವಿಯಂಚನ್ನು ಸಣ್ಣಗೆ ಕೊಯ್ಯುತ್ತಾರೆ. ಯಾವ ಕಿವಿ, ಎಂಥ ಕೊಯ್ತ ಎನ್ನುವುದರ ಮೇಲೆ ಒಡೆಯ ಯಾರೆಂದು ತೀರ್ಮಾನ. ಸಿನಿಮಾದವರು ಅಂದಕ್ಕೆಂದು ಬರೆದ ಗೆರೆಯನ್ನು ಅಜ್ಜ ಕಾಗದಪತ್ರದಂತೆ ಓದಿದ್ದ. ಹೆಡ್ ಮಾಸ್ತರರು ಎರಡೂ ಸಿನಿಮಾ ನಿಲ್ಲಿಸಿ ತೋರಿಸಿದರು. ಎಡಗಿವಿ. ಬಲಗಿವಿ. ಉಣ್ಣೆಯ ಎಳೆ ಎಣಿಸಿದ ನನಗೆ ಕಿವಿಯೇ ಕಂಡಿರಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು. ಹಾಗಾದರೆ ಎಷ್ಟು ಮಾರ್ಕ್ಸ್ ಹಾಕೋಣ ಅಜ್ಜಾ, ಎಂದು ಕೇಳಿದೆ.

"ಮಾರ್ಕ್ಸ್ ಆಮ್ಯಾಲ ಹಾಕೂಣು. ಆ ಎಡಗಿವಿ ಮರಿ ಇನ್ನೂ ಸಿಕ್ಕಿಲ್ಲಲ್ಲರಿ. ಮೊದಲ ಅದನ್ನ ಹುಡಕ್ರಿ."

ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ವಾರ ನನ್ನ ಜಾಗದಲ್ಲಿ ಅಜ್ಜನ ಆಕ್ಷೇಪವನ್ನು ಇದ್ದ ಹಾಗೇ ಬರೆದು, ಮಾರ್ಕ್ಸ್ ಇರುವಲ್ಲಿ "ಫಲಿತಾಂಶ ತಡೆಹಿಡಿಯಲಾಗಿದೆ" ಎಂದು ಹಾಕಿದೆ. ಮೊದಲ ಸಲ ಓದುಗರು ಹೊಗಳಿ ಪತ್ರ ಬರೆದರು. ಜಾಗ ಉಳಿಯಿತು.

ಮೊನ್ನೆ ಹುಕ್ಕೇರಿ ಸಂತೆಯಲ್ಲಿ ಅಜ್ಜ ಸಿಕ್ಕ. ಆ ಸಿನಿಮಾದ ಮೂರನೇ ಭಾಗವನ್ನೂ ತೆಗೆಯುತ್ತಿದ್ದಾರಂತೆ ಎಂದು ಹೇಳಿದೆ. ಅಜ್ಜನ ಮುಖ ಅರಳಿತು.

"ಚಲೋ ಆತು ಬಿಡ್ರಿ. ಅಂತೂ ಹುಡುಕಾಕ ಹೊಂಟ್ರು."